5000 ಎಕರೆ ಪಡೆಯುವ ಸುಲಭ ವಿಧಾನ

ಸರ್ಕಾರದಿಂದ ಹುಲ್ಲುಗಾವಲು ಬೇಕೇ? ದರ್ಖಾಸ್ತು ಬರೆಯುತ್ತ ಕೂರಬೇಡಿ. ಮೇಲಧಿಕಾರಿಯ ಭುಜಕ್ಕೆ ಗುಂಡು ಹೊಡೆಯಿರಿ. ಸಿಡ್ನಿಯ ಜಾನ್ ಮಕಾರ್ಥರ್‌ಗೆ ಜಮೀನು ಸಿಕ್ಕಿದ್ದು ಹಾಗೆ.

ಈತ 1790ರಲ್ಲಿ ಬ್ರಿಟಿಷ್ ಕೈದಿಗಳ ವಸಾಹತು ಕಾಯಲು ಬಂದ ಲೆಫ್ಟಿನೆಂಟ್. 1793ರಲ್ಲಿ ಸಿಡ್ನಿ ಬಳಿಯ ಪರಮಟ್ಟಾದಲ್ಲಿ 100 ಎಕರೆ ದೊರೆಯಿತು. ಆ ನೆಲ ಮೂಲನಿವಾಸಿ ದಾರುಗ್ ಜನರದು. ಅವರನ್ನು ಕೇಳುವ ಕಾಲಂ ಅರ್ಜಿಯಲ್ಲಿರಲಿಲ್ಲ. ಊರಲ್ಲಿ ನಾಣ್ಯಕ್ಕೆ ಬರ. ಹಡಗಿನ ಸರಕನ್ನು ಸೇನಾಧಿಕಾರಿಗಳೇ ಸಗಟಾಗಿ ಕೊಂಡು, ಕೂಲಿಯನ್ನು ರಮ್ಮಿನಲ್ಲಿ ಅಳೆದು ಕೊಡುತ್ತಿದ್ದರು. ಬೇಲಿ ಎದ್ದು ಹೊಲ ಮೇಯುವುದು ಹಳೆಯ ಕಸುಬು. ಇಲ್ಲಿ ಬೇಲಿ ಹೆಂಡದಂಗಡಿಯನ್ನೂ ಇಟ್ಟಿತು.

1801ರಲ್ಲಿ ತನ್ನ ಕರ್ನಲ್ ಪ್ಯಾಟರ್‌ಸನ್ ಜೊತೆ ಪಿಸ್ತೂಲು ದ್ವಂದ್ವ. ಗವರ್ನರ್ ಕಿಂಗ್ ಈತನನ್ನು ವಿಚಾರಣೆಗೆಂದು ಲಂಡನ್ನಿಗೆ ಸಾಗಹಾಕಿದ. ಆರೋಪಗಳ ಕಡತ ದಾರಿಯಲ್ಲೇ ಮಾಯ. (ಇದು ನಮ್ಮ ತಾಲ್ಲೂಕು ಕಚೇರಿಯ ಆವಿಷ್ಕಾರ ಎಂದುಕೊಂಡವರು ಬೇಸರಿಸಬಾರದು.) ಇಂಗ್ಲೆಂಡಿನಲ್ಲಿ ಸ್ಪೇನಿನ ನಯ ಉಣ್ಣೆಗೆ ಯುದ್ಧದ ಕುತ್ತು ಬಂದೀತೆಂದು ಗಿರಣಿಯವರು ಚಿಂತೆಯಲ್ಲಿದ್ದರು. ಆರೋಪಿ ಜೊತೆಗೆ ಒಯ್ದಿದ್ದ ಉಣ್ಣೆಯ ಮಾದರಿ ಬಿಚ್ಚಿದ. 1805ರಲ್ಲಿ ವಾಪಸಾದಾಗ ಜೊತೆಗೆ ರಾಜನ ಮಂದೆಯ ನಯ ಉಣ್ಣೆಯ ಮೆರಿನೋ ಕುರಿಗಳು, ಮಂತ್ರಿ ಕ್ಯಾಮ್ಡನ್ ಕೊಟ್ಟ 5000 ಎಕರೆಯ ಆದೇಶ. ಎಸ್ಟೇಟಿನ ಹೆಸರು? ಕ್ಯಾಮ್ಡನ್.

ಮುಂದಿನ ಗವರ್ನರ್ ಬ್ಲೈ ರಮ್ಮಿನ ವಿನಿಮಯ ನಿಷೇಧಿಸಿದ. ಮಕಾರ್ಥರ್‌ನ ಹಡಗಿನಲ್ಲಿ ಕೈದಿಯೊಬ್ಬ ಪರಾರಿಯಾಗಿದ್ದಕ್ಕೆ 900 ಪೌಂಡ್ ಜಾಮೀನು ಮುಟ್ಟುಗೋಲಾಯಿತು, ಈತ ಕೊಡೆನೆಂದ. ವಿಚಾರಣೆಗೆ ಕೂತ ನ್ಯಾಯಾಧಿಕಾರಿ ಅಟ್ಕಿನ್ಸ್ ಈತನಿಗೇ ಸಾಲಗಾರ. 'ಇವನು ನ್ಯಾಯ ಹೇಳುವುದೇ?' ಎಂದು ಆರೋಪಿ ಆಕ್ಷೇಪಿಸಿದ, ಪಕ್ಕದಲ್ಲಿ ಕೂತಿದ್ದ 6 ಅಧಿಕಾರಿಗಳು ತಲೆದೂಗಿದರು. 1808ರ ಜನವರಿ 26ರಂದು ಸೇನೆ ಗವರ್ನರನನ್ನೇ ಬಂಧಿಸಿತು. ಆರೋಪಿ ವಸಾಹತಿನ ಕಾರ್ಯದರ್ಶಿಯಾದ. ಅದೂ ಸಂಬಳವಿಲ್ಲದೆ, ಎಂಥ ತ್ಯಾಗ!

ವಿಧಾನ ಕೈಕೊಟ್ಟಿದ್ದು ಒಮ್ಮೆ ಮಾತ್ರ. ದಂಗೆಗೆ ಆದೇಶ ಕೊಟ್ಟ ಮೇಜರ್ ಜಾನ್‌ಸ್ಟನ್ 1811ರಲ್ಲಿ ಸೇನೆಯಿಂದ ವಜಾ ಆದ. ಸಮವಸ್ತ್ರ ಮೊದಲೇ ಕಳಚಿದ್ದ ಮಕಾರ್ಥರ್‌ಗೆ ಕೋರ್ಟ್ ಮಾರ್ಷಲ್ ತಟ್ಟಲಿಲ್ಲ. ಆದರೆ ಇಂಗ್ಲೆಂಡಿಗೆ ಹೋಗಿದ್ದವನು ಮತ್ತೆ ಸಿಡ್ನಿಗೆ ಕಾಲಿಟ್ಟರೆ ಹೊಸ ಗವರ್ನರ್ ಮಕ್ವಾರಿ ಬಂಧಿಸುತ್ತಿದ್ದ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ಕಂಡು ಬಂದ ಆಸಾಮಿ ಅವನು. ಹಾಗಾಗಿ 1817ರವರೆಗೆ ಇಂಗ್ಲೆಂಡಿನಲ್ಲೇ ವಾಸ.

ಅಷ್ಟು ವರ್ಷ ಮಂದೆ ನೋಡಿದ್ದು, ಆಳುಗಳಿಗೆ ಕೆಲಸ ಹಚ್ಚಿದ್ದು, ಉಣ್ಣೆ ಹಡಗಿಗೇರಿಸಿದ್ದು ಹೆಂಡತಿ ಎಲಿಜಬೆತ್. ಗವರ್ನರನನ್ನು ಉರುಳಿಸಿದವನಿಗೆ 1825ರಲ್ಲಿ ಗವರ್ನರನ ಶಾಸನ ಪರಿಷತ್ತಿನಲ್ಲೇ ಕುರ್ಚಿ. 1832ರಲ್ಲಿ ಬುದ್ಧಿಭ್ರಮಣೆಯೆಂದು ಅಲ್ಲಿಂದ ಇಳಿಸಿದರು.

1966ರಲ್ಲಿ ಆಸ್ಟ್ರೇಲಿಯಾ 2 ಡಾಲರಿನ ನೋಟು ಅಚ್ಚುಹಾಕಿತು. ಅದರ ಮೇಲೆ ಮಕಾರ್ಥರ್, ಪಕ್ಕದಲ್ಲಿ ಮೆರಿನೋ ತಗರು. ಎಲಿಜಬೆತ್‌ಗೆ ಜಾಗ ಸಾಲಲಿಲ್ಲ. ತಗರಿನ ಕೊಂಬು ಸ್ವಲ್ಪ ದೊಡ್ಡದು.