ಹಾಳೂರಿಗೆ ಉಳಿದವನೇ ಗೌಡನಾ?

2025ರ ಅಕ್ಟೋಬರ್‌ನಲ್ಲಿ ಎಂಟು ದಿನದ ಅಂತರದಲ್ಲಿ ಎರಡು ಸಲ ಗೋವಾದ ಫಾತೋರ್ಡಾ ಸ್ಟೇಡಿಯಂಗೆ ಫುಟ್‌ಬಾಲ್ ನೋಡಲು ಹೋದೆ. ಎರಡು ಸಲವೂ 1-2 ಸೋಲು ನೋಡಿ ಬಂದೆ. 14ನೇ ತಾರೀಕು ಭಾರತ ಸಿಂಗಪುರದ ಎದುರು ಸೋತಿತು, 2027ರ ಏಷ್ಯನ್ ಕಪ್ ಆಸೆ ಅಲ್ಲಿಗೆ ಮುಗಿಯಿತು. 22ಕ್ಕೆ ಎಫ್‌ಸಿ ಗೋವಾ ಸೌದಿಯ ಅಲ್ ನಸ್ರ್ ಎದುರು ಸೋತಿತು. ಮೊದಲನೇ ರಾತ್ರಿ ಜನ ಮಾತಿಲ್ಲದೆ ಸ್ಕೂಟರ್ ಹುಡುಕಿಕೊಂಡು ಹೋದರು. ಎರಡನೇ ರಾತ್ರಿ ಅದೇ ಸ್ಕೋರು, ಆದರೆ ಗೇಟಿನ ಹೊರಗೆ ಜಾತ್ರೆ. ಯಾಕೆಂದರೆ ಗೋವಾದ ಆ ಒಂದು ಗೋಲು ಹೊಡೆದದ್ದು ಇಲ್ಲಿನದೇ ಹುಡುಗ, ಬ್ರಿಸನ್ ಫರ್ನಾಂಡಿಸ್.

ಅಲ್ ನಸ್ರ್‌ನ ರೊನಾಲ್ಡೊ ಬರಲೇ ಇಲ್ಲ. ನನ್ನ ಮುಂದಿನ ಸಾಲಿನ ಹುಡುಗರು 7 ನಂಬರಿನ ಹಳದಿ ಅಂಗಿ ಹಾಕಿಕೊಂಡು ಬಂದಿದ್ದರು, ಪಾಪ.

ಹೊರಗೆ ಬರುವಾಗ ನನ್ನ ಜೊತೆಗಿದ್ದ ಹುಬ್ಬಳ್ಳಿಯ ಗೆಳೆಯ ಶುರು ಮಾಡಿದ. "ಈ ಹುಡುಗ ಇಲ್ಲೇ ಇದ್ರ ಹಾಳಾಗ್ತಾನ ನೋಡ್ರಿ. ಹಾಳೂರಿಗೆ ಉಳಿದವನೇ ಗೌಡ ಅಂದಂಗ." ಅವನ ಮಾತಿಗೆ ಆವತ್ತು ಸುಮ್ನೆ ಹೂಂ ಅಂದೆ. ಮನೆಗೆ ಬಂದ ಮೇಲೆ ಅದು ತಲೆಯಿಂದ ಹೋಗಲಿಲ್ಲ.

ನಾನು ಗದಗ ಕಡೆಯವನು. ಮಡಗಾಂವ್‌ಗೆ ಬಂದು ಹತ್ತೊಂಬತ್ತು ವರ್ಷ. ಮೀನಿನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆಯಲ್ಲಿ ಮೀನು ಮುಟ್ಟುವುದಿಲ್ಲ, ಅದು ಬೇರೆ ಮಾತು. ನಮ್ಮ ಕಡೆ ಹುಡುಗ ಸ್ವಲ್ಪ ಚುರುಕಾಗಿದ್ದರೆ ಸಾಕು, ಹೈಸ್ಕೂಲಿಗೇ ಧಾರವಾಡ, ಆಮೇಲೆ ಬೆಂಗಳೂರು ಅಂತ ಗಂಟು ಕಟ್ಟಿ ಕಳಿಸುತ್ತಾರೆ. ಊರಲ್ಲೇ ಉಳಿದವನ ಬಗ್ಗೆ ಮಾತು ಬಂದರೆ ದನಿ ತಗ್ಗಿಸುತ್ತಾರೆ. ‘ದೇಶ ಸುತ್ತು, ಕೋಶ ಓದು’ ಅನ್ನುವುದರಲ್ಲಿ ಮೊದಲ ಅರ್ಧವನ್ನು ನಾವು ಬಹಳ ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ.

ಗೋವಾದವರು ಊರು ಬಿಡುವುದಿಲ್ಲ ಅಂತಲ್ಲ. ಹಡಗಿನ ಕೆಲಸಕ್ಕೆ ಹೋದ ತಾರ್ವೊಟಿಗಳು ಇಲ್ಲದ ಹಳ್ಳಿಯೇ ದಕ್ಷಿಣ ಗೋವಾದಲ್ಲಿ ನನಗೆ ಕಂಡಿಲ್ಲ. ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನ ಸ್ವಿಂಡನ್ ಸೇರಿದವರೂ ಬೇಕಾದಷ್ಟು ಜನ. ಆದರೆ ಅದೆಲ್ಲ ಹೊಟ್ಟೆಪಾಡಿಗೆ. ಫುಟ್‌ಬಾಲ್ ಮಾತ್ರ ಊರಿನದು. ಚರ್ಚ್ ಪಕ್ಕದ ಮೈದಾನ, ಗದ್ದೆ ಕೊಯ್ದ ಮೇಲೆ ನಿಲ್ಲಿಸಿದ ಎರಡು ಕಂಬ, ಊರೂರ ನಡುವಿನ ಟೂರ್ನಮೆಂಟ್. ರಜೆಗೆ ಬಂದ ತಾರ್ವೊಟಿ ಬ್ಯಾಗ್ ಇಟ್ಟವನೇ, ನಮ್ಮ ವಾಡೆಯ, ಅಂದರೆ ಕೇರಿಯ, ಮ್ಯಾಚ್ ಯಾವತ್ತು ಅಂತ ಕೇಳುತ್ತಾನೆ. 2012ರಲ್ಲಿ ಸರ್ಕಾರವೇ ಫುಟ್‌ಬಾಲನ್ನು ರಾಜ್ಯದ ಆಟ ಅಂತ ಘೋಷಿಸಿತು. ಇದರಲ್ಲಿ ಒಂದು ತಮಾಷೆಯೂ ಇದೆ. ಭಾರತ ಎರಡು ದೇಶದ ಪೌರತ್ವ ಒಪ್ಪುವುದಿಲ್ಲ. ಹಾಗಾಗಿ ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದ ಹುಡುಗ ಎಷ್ಟೇ ಚೆನ್ನಾಗಿ ಆಡಿದರೂ ಭಾರತದ ಅಂಗಿ ಹಾಕುವಂತಿಲ್ಲ.

ನಮ್ಮ ಮನೆ ಮಾಲೀಕರು ಹರೆಯದಲ್ಲಿ ಇಲ್ಲಿನ ಲೀಗ್‌ನಲ್ಲಿ ಆಡಿದವರು. ಮೊಣಕಾಲು ಈಗಲೂ ಕುಂಟುತ್ತದೆ. ಅವರ ಮುಂದೆ ಗೆಳೆಯನ ಮಾತು ಇಟ್ಟೆ. ಅವರು ಕೇಳಿದ್ದು ಒಂದೇ: ಚೆನ್ನಾಗಿ ಆಡುವವನು ತನ್ನ ಊರಿಗೆ ಆಡದೆ ಯಾರಿಗೆ ಆಡಬೇಕು? ಅವರ ಕಾಲಕ್ಕೆ ಆ ಮಾತು ಸರಿಯೇ. 2005ರಿಂದ 2012ರ ಒಳಗೆ ಗೋವಾದ ಡೆಂಪೊ ಕ್ಲಬ್ ಐದು ಸಲ ದೇಶದ ಚಾಂಪಿಯನ್ ಆಯಿತು. 2008ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ವರೆಗೂ ಹೋಯಿತು. ಇಲ್ಲಿನವೇ ಆದ ಸಾಳಗಾಂವ್ಕರ್, ಚರ್ಚಿಲ್ ಬ್ರದರ್ಸ್ ಕೂಡ ಆಗಿನ ದೇಶದ ದೊಡ್ಡ ಲೀಗ್ ಆದ ಐ-ಲೀಗ್ ಗೆದ್ದವು. ಮಡಗಾಂವ್‌ನಿಂದ ಪಣಜಿವರೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ, ಅಷ್ಟರೊಳಗೆ ದೇಶದ ಒಳ್ಳೆಯ ಆಟಗಾರರೆಲ್ಲ ಇದ್ದರು. ಆಗ ಗೋವಾದ ಹುಡುಗನಿಗೆ ಊರಲ್ಲೇ ಜೋಡಿ ಸಿಗುತ್ತಿತ್ತು.

ಜೋಡಿ ಅನ್ನುವುದು ಕುಸ್ತಿಯ ಮಾತು, ಸರಿಸಮ ಎದುರಾಳಿ ಅಂತ. ನಮ್ಮೂರ ಗರಡಿಯಲ್ಲಿ ಹಿರಿಯರು ಹೇಳುತ್ತಿದ್ದರು, ಜೋಡಿ ಸಿಗದ ಪೈಲ್ವಾನ ಮೈ ಬೆಳೆಸುತ್ತಾನೆ, ಕುಸ್ತಿ ಕಲಿಯುವುದಿಲ್ಲ ಅಂತ. ಅದಕ್ಕೇ ಊರಲ್ಲಿ ಎಲ್ಲರನ್ನೂ ಚಿತ್ ಮಾಡಿದವನನ್ನು ಕೊಲ್ಲಾಪುರದ ತಾಲೀಮಿಗೆ ಕಳಿಸುತ್ತಿದ್ದರು. ಅಲ್ಲಿ ಮೊದಲ ಆರು ತಿಂಗಳು ಅವನ ಬೆನ್ನಿಗೆ ಬರೀ ಮಣ್ಣು. ಜಾತ್ರೆಯ ಕುಸ್ತಿ ವರ್ಷಕ್ಕೆ ನಾಲ್ಕೋ ಐದೋ. ಮಣ್ಣಿನಲ್ಲಿ ಉರುಳಾಡುವುದು ದಿನಾ. ಫುಟ್‌ಬಾಲೂ ಅಷ್ಟೇ. ಮ್ಯಾಚ್ ವಾರಕ್ಕೆ ಒಂದು, ಪ್ರಾಕ್ಟೀಸ್ ಐದು ದಿನ. ಆ ಐದು ದಿನ ಎದುರಿಗೆ ಯಾರಿದ್ದಾರೆ ಅನ್ನುವುದನ್ನು ಮೊದಲು ನೋಡಬೇಕು. ಲೀಗ್ ದೊಡ್ಡದೋ ಸಣ್ಣದೋ, ಆಮೇಲೆ.

ಹಾಗೆ ನೋಡಿದರೆ ಈಗಿನ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಹುಡುಗರ ಕಥೆ ನನಗೆ ಸ್ವಲ್ಪ ಭಯ ಹುಟ್ಟಿಸುತ್ತದೆ. 2014ರಲ್ಲಿ ಲೀಗ್ ಶುರುವಾದಾಗ ಮೈದಾನದಲ್ಲಿ ಒಂದು ಟೀಮಿಗೆ ಆರು ಫಾರಿನರ್ಸ್ ಇರಬಹುದಿತ್ತು. ಆಮೇಲೆ ಐದಾಯಿತು. 2021-22ರಿಂದ ನಾಲ್ಕೇ. ಅಂದರೆ ಪ್ರತಿ ಟೀಮಿಗೂ ಏಳು ಜನ ನಮ್ಮವರು ಬೇಕೇ ಬೇಕು. 2024-25ರಲ್ಲಿ 13 ಟೀಮ್. ಲೆಕ್ಕದವನಲ್ವಾ, ಗುಣಿಸಿ ನೋಡಿದೆ. 91 ಜಾಗ. ಅಷ್ಟು ಜಾಗಕ್ಕೆ ಒಳ್ಳೆಯ ಆಟಗಾರರು ಸಾಲುವುದಿಲ್ಲ. ಹಾಗಾಗಿ ಸ್ವಲ್ಪ ಚೆನ್ನಾಗಿ ಆಡುವವನಿಗೂ ಕೈ ತುಂಬಾ ದುಡ್ಡು. ಸಂತೆಯಲ್ಲಿ ಈರುಳ್ಳಿ ಕಮ್ಮಿ ಬಂದ ದಿನ ಕೊಳೆತದ್ದಕ್ಕೂ ರೇಟ್ ಬರುತ್ತದಲ್ಲ, ಹಾಗೆ. ಇಲ್ಲಿ ಆ ದುಡ್ಡು ಎಣಿಸುವ ಹುಡುಗನಿಗೆ ನಾರ್ವೆಯ ಚಳಿಗೆ ಹೋಗಿ ಕಮ್ಮಿ ಸಂಬಳಕ್ಕೆ ಬೆಂಚಿನ ಮೇಲೆ ಕೂರು ಅಂದರೆ ಯಾಕೆ ಹೋಗುತ್ತಾನೆ? ಅವನ ಜಾಗದಲ್ಲಿ ನಾನಿದ್ದರೂ ಹೋಗುತ್ತಿರಲಿಲ್ಲ. ಅವನನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ. ಆ ನಾಲ್ಕು ಫಾರಿನರ್ಸ್ ಎಲ್ಲಿ ನಿಲ್ಲುತ್ತಾರೆ? ಗೋಲು ಹೊಡೆಯುವ ಜಾಗದಲ್ಲಿ ಒಬ್ಬ, ನಡುವೆ ಒಬ್ಬಿಬ್ಬರು, ಹಿಂದೆ ಒಬ್ಬ. ಸ್ಟ್ರೈಕರ್ ಆಗಬೇಕು ಅಂತ ಬೆಳೆದ ನಮ್ಮ ಹುಡುಗ ಪಕ್ಕದ ವಿಂಗಿಗೆ ಜರುಗುತ್ತಾನೆ. ಸುನಿಲ್ ಛೆಟ್ರಿಯಂಥವರೇ ಬೆಂಗಳೂರು ಎಫ್‌ಸಿಯಲ್ಲಿ ವೆನೆಜುವೆಲಾದ ಸ್ಟ್ರೈಕರ್ ಮಿಕು ಇದ್ದಾಗ ಎಡಗಡೆ ಆಡಿದರು. ಹೀಗೆ ಹತ್ತು ವರ್ಷ ನಡೆದ ಮೇಲೆ ಏನಾಯಿತು ನೋಡಿ. ಛೆಟ್ರಿ 2024ರ ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಕುವೈತ್ ಎದುರು ಆಡಿ ದೇಶದ ಆಟಕ್ಕೆ ಕೈ ಮುಗಿದರು. ಆಗ ಅವರ ಹೆಸರಲ್ಲಿ 94 ಗೋಲು. ಆ ಜಾಗಕ್ಕೆ ಒಬ್ಬರೂ ಸಿಗಲಿಲ್ಲ. 2025ರ ಮಾರ್ಚ್‌ನಲ್ಲಿ, 40 ದಾಟಿದ ಮೇಲೆ, ಅವರನ್ನೇ ವಾಪಸ್ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು 95ನೆಯದೂ ಹೊಡೆದರು. ಅದೇ ಸೀಸನ್ನಿನ ಐಎಸ್‌ಎಲ್‌ನಲ್ಲಿ 14 ಗೋಲು, ಭಾರತದವರಲ್ಲಿ ಅವರದ್ದೇ ಜಾಸ್ತಿ. ಟೀವಿಯಲ್ಲಿ ಎಲ್ಲರೂ ಹೊಗಳಿದರು, ನಾನೂ ಚಪ್ಪಾಳೆ ಹೊಡೆದೆ. ಆದರೆ 40 ವರ್ಷದವರನ್ನು ಹಿಡಿಯಲು ಇಪ್ಪತ್ತೈದರ ಡಿಫೆಂಡರ್‌ಗಳಿಗೆ ಆಗುತ್ತಿಲ್ಲ ಅಂದರೆ ಹೊಗಳುವುದು ಯಾರನ್ನು, ಅಳುವುದು ಯಾರಿಗೆ?

ಇನ್ನು, ಛೆಟ್ರಿ ಹೊರಗೆ ಹೋಗಲು ಮನಸ್ಸು ಮಾಡಲಿಲ್ಲ ಅಂತ ಹೇಳುವ ಹಾಗೂ ಇಲ್ಲ. 2009ರಲ್ಲಿ ಡೆಂಪೊದಲ್ಲಿದ್ದಾಗ ಇಂಗ್ಲೆಂಡಿನ ಕ್ಯೂಪಿಆರ್ ಕ್ಲಬ್ ಅವರನ್ನು ಸೇರಿಸಿಕೊಳ್ಳಲು ಒಪ್ಪಿತ್ತು. ವರ್ಕ್ ಪರ್ಮಿಟ್ ಸಿಗಲಿಲ್ಲ. ದೇಶದ ಫಿಫಾ ರ‍್ಯಾಂಕ್ 70ರ ಒಳಗೆ ಇರಬೇಕಿತ್ತು, ಭಾರತ ಎಲ್ಲೋ ಕೆಳಗಿತ್ತು. ನಮ್ಮ ಅತಿ ಒಳ್ಳೆಯ ರ‍್ಯಾಂಕೇ 94, ಅದೂ 1996ರಲ್ಲಿ. ದೇಶ ಮೇಲೆ ಬರಬೇಕಾದರೆ ಆಟಗಾರ ಹೊರಗೆ ಕಲಿಯಬೇಕು, ಆಟಗಾರ ಹೊರಗೆ ಹೋಗಬೇಕಾದರೆ ದೇಶ ಮೇಲಿರಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಮುಂದಿನ ವರ್ಷ ಅವರು ಅಮೆರಿಕದ ಕನ್ಸಾಸ್ ಸಿಟಿಗೆ ಹೋದರು, ಲೀಗ್ ಪಂದ್ಯದಲ್ಲಿ ಅವಕಾಶವೇ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ಟೀಮಿಗೆ ಹೋಗಿ, ಕೆಲವೇ ತಿಂಗಳಲ್ಲಿ ಗೋವಾದ ಚರ್ಚಿಲ್‌ಗೆ ವಾಪಸ್ ಬಂದರು. ಬಂದ ವರ್ಷವೇ ಐ-ಲೀಗ್ ಗೆದ್ದರು.

ಹೋದವರಲ್ಲಿ ನನಗೆ ಮನಸ್ಸಿಗೆ ಬಂದದ್ದು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. 2014ರಲ್ಲಿ, 22ರ ವಯಸ್ಸಿನಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದರು. ಬಹಳ ದಿನ ಕಾದರು. 2016ರಲ್ಲಿ ಯುರೋಪಾ ಲೀಗ್‌ನ ಅರ್ಹತಾ ಪಂದ್ಯ ಆಡಿದರು. ಬೆಂಚಿನ ಮೇಲೆ ಕೂತ ವರ್ಷಗಳು ವ್ಯರ್ಥ ಅಂತ ಕೆಲವರು ಹೇಳುತ್ತಾರೆ. ಅವರು ವಾಪಸ್ ಬಂದ ಮೇಲೆ ಭಾರತದ ಗೋಲಿನಲ್ಲಿ ಎಷ್ಟು ವರ್ಷ ನಿಂತರು ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸಂದೇಶ್ ಝಿಂಗನ್ 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್‌ಗೆ ಹೋದಾಗ 28. ಗಾಯವಾಗಿ ಒಂದು ಮ್ಯಾಚೂ ಆಡದೆ ಬಂದರು. ಆ ವಯಸ್ಸಿಗೆ ಕೊಲ್ಲಾಪುರಕ್ಕೆ ಹೊರಟರೆ ಮೈ ಕೇಳುವುದಿಲ್ಲ.

ಗೆಳೆಯನ ಹತ್ತಿರ ಇಷ್ಟೆಲ್ಲ ಹೇಳಿದೆ. ಅವನು ಬಿಡುವ ಆಸಾಮಿ ಅಲ್ಲ. "ಹಂಗಾರ ಮನ್ಸೂರರು ಧಾರವಾಡದಾಗ ಇದ್ದು ಹಾಳಾದ್ರೇನ್ರಿ? ಭೀಮಸೇನ ಜೋಶಿಯವರು ಪುಣೆಗೆ ಹೋಗಿದ್ದಕ್ಕ ದೊಡ್ಡವರಾದ್ರೇನು?" ಅಂತ ತಾನೇ ಮೊದಲು ಹೇಳಿದ್ದಕ್ಕೆ ಉಲ್ಟಾ ಹೊಡೆದ. ಒಳ್ಳೆಯ ಏಟೇ. ಆದರೆ ಮಲ್ಲಿಕಾರ್ಜುನ ಮನ್ಸೂರರು ಮುಂಬೈಯಲ್ಲಿ ಮಂಜಿ ಖಾನರ ಹತ್ತಿರ, ಆಮೇಲೆ ಬುರ್ಜಿ ಖಾನರ ಹತ್ತಿರ ಕಲಿತವರು. ಜೋಡಿಗೆ ಸಿಕ್ಕಿ ಅರೆದು ಹಣ್ಣಾದ ಮೇಲೆ ಧಾರವಾಡದಲ್ಲಿ ಇದ್ದರು. ಆಮೇಲೆ ಎಲ್ಲಿದ್ದರೂ ಏನು?

ಸ್ವೀಡನ್ನಿನ ಹೆನ್ರಿಕ್ ಲಾರ್ಸನ್‌ದೂ ಹೀಗೇ. 1997ರಿಂದ ಏಳು ವರ್ಷ ಸ್ಕಾಟ್ಲೆಂಡಿನ ಸೆಲ್ಟಿಕ್ ಬಿಟ್ಟು ಅಲ್ಲಾಡಲಿಲ್ಲ. 242 ಗೋಲು. ಯುರೋಪಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಶೂ ಲೆಕ್ಕದಲ್ಲಿ ದೊಡ್ಡ ಲೀಗಿನ ಗೋಲಿಗೆ ಎರಡು ಪಾಯಿಂಟ್, ಸ್ಕಾಟ್ಲೆಂಡಿನದಕ್ಕೆ ಒಂದೂವರೆ. ಆ ಕಡಿತ ಆದ ಮೇಲೂ 2001ರಲ್ಲಿ 35 ಗೋಲಿಗೆ ಅದನ್ನು ಗೆದ್ದರು. ಆದರೂ ಇಂಗ್ಲಿಷರು, ಅದು ದುರ್ಬಲ ಲೀಗ್ ಬಿಡಿ, ಅಂತಲೇ ಇದ್ದರು. 2006ರಲ್ಲಿ ಪ್ಯಾರಿಸ್‌ನ ಚಾಂಪಿಯನ್ಸ್ ಲೀಗ್ ಫೈನಲ್. ಬಾರ್ಸಿಲೋನಾ ಆರ್ಸೆನಲ್‌ಗಿಂತ ಒಂದು ಗೋಲು ಹಿಂದೆ. 34ರ ಲಾರ್ಸನ್ ಬದಲಿಯಾಗಿ ಇಳಿದು ಎರಡು ಗೋಲು ಮಾಡಿಸಿಕೊಟ್ಟರು, ಕಪ್ ಬಂತು. ಆದರೆ ಸೆಲ್ಟಿಕ್‌ಗೆ ಪ್ರತಿ ವರ್ಷ ಯುರೋಪಿನ ದೊಡ್ಡವರು ಎದುರಾಗುತ್ತಿದ್ದರು ಅನ್ನುವುದನ್ನು ಮರೆಯಬಾರದು. ಗೋವಾಕ್ಕೆ ಅಲ್ ನಸ್ರ್ ಬರುವುದು ಯಾವಾಗಲೋ ಒಮ್ಮೆ. ಅದೇ ಅಕ್ಟೋಬರ್‌ನಲ್ಲಿ ಐಎಸ್‌ಎಲ್ ಇನ್ನೂ ಶುರುವೇ ಆಗಿರಲಿಲ್ಲ, ಲೀಗ್ ನಡೆಸುವ ಒಪ್ಪಂದದ ಜಗಳದಲ್ಲಿ ನಿಂತಿತ್ತು.

ಅಂದ ಹಾಗೆ ಆ ಸೆಲ್ಟಿಕ್‌ನಲ್ಲಿ 1936ರಲ್ಲಿ ಕೋಲ್ಕತ್ತಾದ ಮೊಹಮ್ಮದ್ ಸಲೀಂ ಬರಿಗಾಲಿಗೆ ಬಟ್ಟೆ ಸುತ್ತಿಕೊಂಡು ಎರಡು ಮ್ಯಾಚ್ ಆಡಿದ್ದರು. ಇರು ಅಂದರೂ ಕೇಳದೆ ಊರಿನ ನೆನಪಾಗಿ ಹೊರಟುಬಂದರು. ಹೊರನಾಡಲ್ಲಿ ಇರುವ ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ.

ವಾಸ್ಕೋದಲ್ಲಿ ನಾನು ಆಗಾಗ ಊಟ ಮಾಡುವ ರೊಟ್ಟಿ ಖಾನಾವಳಿ ಇದೆ. ನಡೆಸುವ ಅಕ್ಕ ಬಾಗಲಕೋಟೆ ಕಡೆಯವರು. ಮಗನಿಗೆ ಹದಿನೇಳು, ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಎಡಗಾಲಲ್ಲಿ ಬಾಲು. ಊರೂರ ಟೂರ್ನಮೆಂಟ್‌ಗೆ ಕರೆದುಕೊಂಡು ಹೋಗಿ ಮ್ಯಾಚಿಗೆ ಇಷ್ಟು ಅಂತ ಕೊಡುತ್ತಾರೆ. ಈಗ ಬೆಂಗಳೂರಿನ ಒಂದು ಅಕಾಡೆಮಿಯಿಂದ ಟ್ರಯಲ್ಸ್‌ಗೆ ಕರೆ ಬಂದಿದೆ. ಆರಿಸಿದರೂ ಹಾಸ್ಟೆಲ್ ಊಟ ಬಿಟ್ಟು ಕೈಗೆ ಏನೂ ಸಿಗುವುದಿಲ್ಲ. ಅಕ್ಕ ನನ್ನನ್ನು ಕೇಳಿದರು. "ಅಣ್ಣಾರ, ನೀವು ಲೆಕ್ಕ ಬಲ್ಲವರು. ಇಲ್ಲಿ ನಾಕು ದುಡ್ಡು ಬರತಾವ. ಅಲ್ಲಿ ಕನ್ನಡ ಓದಾಕ ಬರಬೇಕೇನ್ರಿ? ಇವಂಗ ಬೋರ್ಡ್ ಓದಾಕೂ ಬರಂಗಿಲ್ಲ."

ನಾನು ಕೆಲಸಕ್ಕೆ ಕರ್ನಾಟಕ ಬಿಟ್ಟು ಗೋವಾಕ್ಕೆ ಬಂದೆ. ಇವನು ಆಟಕ್ಕೆ ಗೋವಾ ಬಿಟ್ಟು ಕರ್ನಾಟಕಕ್ಕೆ ಹೋಗಬೇಕು. ಹೊರನಾಡು ಅಂದರೆ ಯಾವುದು ಅಂತ ಅಲ್ಲೇ ಕೂತು ಒಂದು ನಿಮಿಷ ತಲೆ ಕೆಟ್ಟಿತು.

ಹುಡುಗನನ್ನೇ ಕರೆದು ಕೇಳಿದೆ. ಪ್ರಾಕ್ಟೀಸಿನಲ್ಲಿ ನಿನ್ನ ಕಾಲಿಂದ ಬಾಲು ಕಿತ್ತುಕೊಳ್ಳುವವರು ಯಾರಿದ್ದಾರೆ?

"ಯಾರೂ ಇಲ್ಲ ಕಾಕಾ," ಅಂದ, ಎದೆ ಉಬ್ಬಿಸಿ.

ಅಕ್ಕನಿಗೆ ಕಳಿಸಿ ಅಂದೆ. ಕೆಲಸ ಸಿಗುವುದು ತಡವಾಗಬಹುದು, ಮೊಣಕಾಲು ಕೆಟ್ಟು ಬರಬಹುದು, ಅದನ್ನೂ ಮುಚ್ಚಿಡದೆ ಹೇಳಿದೆ. ಮುಂದಿನ ವಾರ ಯಶವಂತಪುರ ರೈಲಿಗೆ ಟಿಕೆಟ್ ಆಗಿದೆ. ನಿನ್ನೆ ಹೋದಾಗ ಅಕ್ಕ ಒಲೆ ಮುಂದೆ ಕೂತು ಕಟಕ ರೊಟ್ಟಿ ಸುಡುತ್ತಿದ್ದರು. ಪಕ್ಕದ ಡಬ್ಬಿಯಲ್ಲಿ ಶೇಂಗಾ ಚಟ್ನಿ.

"ಎಷ್ಟು ಕಟ್ಟಲಿ ಅಣ್ಣಾರ? ಆರಿಸಲಿಲ್ಲ ಅಂದ್ರ ನಾಕು ದಿನಕ್ಕ ಸಾಕು. ಆರಿಸಿದ್ರ ತಿಂಗಳಿಗೆ ಬೇಕು."

"ತಿಂಗಳಿಗೇ ಕಟ್ರಿ ಅಕ್ಕಾರ," ಅಂದೆ. "ಉಳಿದ್ರ ಹಾಸ್ಟೆಲ್ ಹುಡುಗರು ತಿಂತಾರ."