ಹಿಮಕರಡಿ ನಮ್ಮತ್ತ ನೋಡದಿರಲಿ

ವನ್ಯಜೀವಿ ಛಾಯಾಗ್ರಹಣದ ಗುಂಪುಗಳಲ್ಲಿ ಹಿಮಕರಡಿಯ ಚಿತ್ರಗಳು ಬಂದಾಗಲೆಲ್ಲ ಹೆಚ್ಚು ಮೆಚ್ಚುಗೆ ಗಳಿಸುವುದು ಒಂದೇ ಬಗೆಯದು. ಚೌಕಟ್ಟಿನ ತುಂಬ ಮುಖ, ಕಪ್ಪು ಮೂಗಿನ ಮೇಲೆ ಹಿಮದ ಕಣಗಳು, ನೇರವಾಗಿ ಕ್ಯಾಮೆರಾದತ್ತ ನೆಟ್ಟ ಕಣ್ಣು. ‘ಎಂಥ ನೋಟ!’ ಎಂದು ಕೆಳಗೆ ಸಾಲುಸಾಲು ಪ್ರತಿಕ್ರಿಯೆ. ನನ್ನ ತಕರಾರು ಇರುವುದು ಆ ನೋಟದ ಬಗ್ಗೆಯೇ. ಮಲಗಿದ್ದ ಕರಡಿ ತಲೆ ಎತ್ತಿ ನಮ್ಮನ್ನು ನೋಡಿತು ಎಂದರೆ, ನಾವು ಅದರ ವಿಶ್ರಾಂತಿ ಕೆಡಿಸಿದೆವು ಎಂದೇ ಅರ್ಥ. ನಾವು ಬಹುಮಾನ ಕೊಡುತ್ತಿರುವುದು ಆ ಕ್ಷಣಕ್ಕೆ.

ಇದು ನನ್ನ ಊಹೆಯಲ್ಲ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಚರ್ಚಿಲ್‌ನಲ್ಲಿ ಪ್ರವಾಸಿಗರ ವಾಹನಗಳು ಹತ್ತಿರವಿದ್ದಾಗ ಕರಡಿಗಳು ಹೇಗೆ ವರ್ತಿಸುತ್ತವೆ ಎಂದು ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ವಾಹನ ಇದ್ದಾಗ, ವಿಶ್ರಮಿಸುತ್ತಿದ್ದ ಗಂಡು ಕರಡಿಗಳು ತಲೆ ಎತ್ತಿ ಸುತ್ತ ನೋಡುವುದು ಹೆಚ್ಚುತ್ತಿತ್ತು. ಒಂದು ಸಲ ತಲೆ ಎತ್ತಿದ ಮಾತ್ರಕ್ಕೆ ಕರಡಿ ಸಾಯುವುದಿಲ್ಲ, ನಿಜ. ಆದರೆ ಅದು ಆ ಹೊತ್ತಿನಲ್ಲಿ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ತಿಳಿಯದೆ ಕ್ಯಾಮೆರಾ ಎತ್ತಬಾರದು.

ಚರ್ಚಿಲ್ ಇರುವುದು ಹಡ್ಸನ್ ಕೊಲ್ಲಿಯ ಪಶ್ಚಿಮ ದಡದಲ್ಲಿ. ಅಲ್ಲಿಗೆ ರಸ್ತೆಯೇ ಇಲ್ಲ. ವಿನ್ನಿಪೆಗ್‌ನಿಂದ ವಿಮಾನದಲ್ಲಿ ಹೋಗಬೇಕು, ಇಲ್ಲವೇ ಸುಮಾರು ಎರಡು ದಿನ ರೈಲಿನಲ್ಲಿ ಕೂರಬೇಕು. ಬೇಸಿಗೆಯಲ್ಲಿ ಕೊಲ್ಲಿಯ ಮಂಜುಗಡ್ಡೆ ಕರಗಿದಾಗ ಕರಡಿಗಳು ದಡಕ್ಕೆ ಬರುತ್ತವೆ. ಸೀಲ್‌ಗಳನ್ನು ಬೇಟೆಯಾಡಲು ಅವಕ್ಕೆ ಮಂಜುಗಡ್ಡೆ ಬೇಕೇ ಬೇಕು, ಹಾಗಾಗಿ ನೀರು ಮತ್ತೆ ಹೆಪ್ಪುಗಟ್ಟುವವರೆಗೆ ಉಪವಾಸವೇ ಗತಿ. ಅಷ್ಟಿಷ್ಟು ಹಣ್ಣು, ಕಡಲಪಾಚಿ ತಿನ್ನುವುದುಂಟು. ಅದರಿಂದ ಹೊಟ್ಟೆ ತುಂಬುವುದಿಲ್ಲ. ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ತೂಕ ಇಳಿಯುತ್ತದೆ. ಗರ್ಭಿಣಿ ಕರಡಿ ನೆಲದಲ್ಲಿ ಬಿಲ ತೋಡಿ ಅಲ್ಲೇ ಮರಿ ಹಾಕುತ್ತದೆ. ಅದರ ಉಪವಾಸ ಎಂಟು ತಿಂಗಳವರೆಗೂ ಸಾಗಬಹುದು. ನದಿಯ ಸಿಹಿನೀರು ಬಂದು ಸೇರುವ ಚರ್ಚಿಲ್ ಕಡೆಯ ದಡದಲ್ಲಿ ಮಂಜುಗಡ್ಡೆ ಬೇಗ ಕಟ್ಟುತ್ತದೆ. ಆದ್ದರಿಂದಲೇ ಅಕ್ಟೋಬರ್, ನವೆಂಬರ್‌ನಲ್ಲಿ ಕರಡಿಗಳು ಅಲ್ಲಿ ಬಂದು ಕಾಯುತ್ತವೆ. ನಾವು ಚಿತ್ರ ತೆಗೆಯಲು ಹೋಗುವುದೂ ಸರಿಯಾಗಿ ಅದೇ ಹೊತ್ತಿಗೆ, ಅವುಗಳ ಉಪವಾಸದ ಕೊನೆಯ ವಾರಗಳಲ್ಲಿ.

ಚರ್ಚಿಲ್‌ನ ವ್ಯವಸ್ಥೆಯನ್ನು ನಾನು ಹಳಿಯುತ್ತಿಲ್ಲ. ಆಳೆತ್ತರದ ಚಕ್ರಗಳ ಆ ವಾಹನಗಳು ಹಿಂದೆ ಸೇನೆ ಮಾಡಿಟ್ಟ ಹಳೆಯ ಜಾಡುಗಳಲ್ಲೇ ಓಡುತ್ತವೆ, ಟಂಡ್ರಾದ ಎಳೆ ನೆಲವನ್ನು ಹೊಸದಾಗಿ ಸೀಳುವುದಿಲ್ಲ. ಕರಡಿಗೆ ಆಹಾರ ತೋರಿಸಿ ಕರೆಯುವುದು ಕಾನೂನಿಗೆ ವಿರುದ್ಧ. ಕೆಲವೊಮ್ಮೆ ಕರಡಿ ತಾನಾಗಿಯೇ ಕುತೂಹಲದಿಂದ ಬಂದು ವಾಹನಕ್ಕೆ ಮುಂಗಾಲು ಊರಿ ನಿಲ್ಲುತ್ತದೆ. ಅದರ ಉಸಿರಿನ ಆವಿ ಕಾಣುವಷ್ಟು ಹತ್ತಿರ. ಆ ಕ್ಷಣದಲ್ಲಿ ಕ್ಯಾಮೆರಾ ಒತ್ತದವರು ಯಾರು! ಅಲ್ಲಿ ದೂರವನ್ನು ನಿರ್ಧರಿಸಿದ್ದು ಕರಡಿ. ನನ್ನ ವಿರೋಧವಿರುವುದು ಆ ದೂರವನ್ನು ನಾವು ನಿರ್ಧರಿಸುವುದಕ್ಕೆ.

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹ ಈ ವಿಷಯದಲ್ಲಿ ಗಟ್ಟಿ ಹೆಜ್ಜೆ ಇಟ್ಟಿದೆ. 2025ರ ಜನವರಿ 1ರಿಂದ ಅಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್ ದೂರವಿರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ‘ಲಕ್ಷಾಂತರ ರೂಪಾಯಿ ಸುರಿದು ಹೋಗಿ ಚುಕ್ಕೆ ನೋಡಿ ಬರಬೇಕೇ?’ ಎಂಬ ಗೊಣಗಾಟ ನನ್ನ ಕಿವಿಗೂ ಬಿದ್ದಿದೆ. ಲೆಕ್ಕ ಹಾಕೋಣ. ಫುಲ್ ಫ್ರೇಮ್ ಕ್ಯಾಮೆರಾಗೆ 600 ಎಂಎಂ ಲೆನ್ಸ್ ಹಾಕಿದರೆ, 300 ಮೀಟರ್ ದೂರದಲ್ಲಿ ಚೌಕಟ್ಟಿನೊಳಗೆ ಬರುವುದು ಸುಮಾರು 18 ಮೀಟರ್ ಅಗಲದ ದೃಶ್ಯ. ದೊಡ್ಡ ಗಂಡು ಕರಡಿ ಅಡ್ಡಲಾಗಿ ನಡೆದರೆ ಅದು ಚೌಕಟ್ಟಿನ ಏಳರಲ್ಲಿ ಒಂದು ಪಾಲು. 500 ಮೀಟರ್ ದೂರದಲ್ಲಿ ಹನ್ನೆರಡರಲ್ಲಿ ಒಂದು. ಅದು ಚುಕ್ಕೆಯಲ್ಲ, ತನ್ನ ನೆಲದಲ್ಲಿ ನಡೆಯುತ್ತಿರುವ ಕರಡಿ.

ಆ ನೆಲವನ್ನೂ ಕಣ್ಣು ಬಿಟ್ಟು ನೋಡಬೇಕು. ಶರತ್ಕಾಲದ ಟಂಡ್ರಾ ಬರಿಯ ಬಿಳಿಯಲ್ಲ. ಮೊಣಕಾಲೆತ್ತರದ ಕೆಂಗಂದು ವಿಲ್ಲೋ ಪೊದೆಗಳು, ಬಂಡೆಗಳಿಗೆ ಹತ್ತಿದ ಕಿತ್ತಳೆ ಬಣ್ಣದ ಕಲ್ಲುಹೂವು, ಗಾಳಿಯ ಹೊಡೆತಕ್ಕೆ ಒಂದೇ ಬದಿಯಲ್ಲಿ ಕೊಂಬೆ ಉಳಿಸಿಕೊಂಡ ಕುಳ್ಳ ಸ್ಪ್ರೂಸ್ ಮರಗಳು. ಹೊಸ ಹಿಮದ ಪಕ್ಕದಲ್ಲಿ ಕರಡಿಯ ತುಪ್ಪಳ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಮುಖವೊಂದನ್ನೇ ತುಂಬಿಸಿದ ಚಿತ್ರದಲ್ಲಿ ಇದಾವುದೂ ಇರುವುದಿಲ್ಲ. ಆ ಚಿತ್ರವನ್ನು ಯಾವುದಾದರೂ ಮೃಗಾಲಯದಲ್ಲಿಯೂ ತೆಗೆಯಬಹುದು.

ಹತ್ತಿರದ ಚಿತ್ರ ಸುಳ್ಳು ಅರ್ಥಕ್ಕೂ ದಾರಿ ಮಾಡಬಲ್ಲದು. ಕೆನಡಾದ ಸೊಮರ್ಸೆಟ್ ದ್ವೀಪದಲ್ಲಿ 2017ರಲ್ಲಿ ಚಿತ್ರಿಸಿದ, ಎಲುಬು ಬಿಟ್ಟ ಕರಡಿಯ ವಿಡಿಯೊ ಅನೇಕರಿಗೆ ನೆನಪಿರಬಹುದು. ‘ಹವಾಮಾನ ಬದಲಾವಣೆ ಎಂದರೆ ಇದೇ’ ಎಂಬ ಅರ್ಥದ ಸಾಲಿನೊಂದಿಗೆ ನ್ಯಾಷನಲ್ ಜಿಯೋಗ್ರಾಫಿಕ್ ಅದನ್ನು ಜಗತ್ತಿಗೆ ತೋರಿಸಿತು. ಆ ಕರಡಿ ಮುದಿಯಾಗಿತ್ತೋ, ಕಾಯಿಲೆಯಿತ್ತೋ, ಗಾಯವಿತ್ತೋ ಯಾರಿಗೂ ಗೊತ್ತಿರಲಿಲ್ಲ. ತಾವು ಅತಿ ಮಾಡಿದೆವು ಎಂದು ಮರುವರ್ಷ ಪತ್ರಿಕೆಯೇ ಒಪ್ಪಿಕೊಂಡಿತು. ನನಗೆ ನೋವಾಗುವುದು ಇದರಿಂದ: ಹೇಳಬೇಕಾದ ಸತ್ಯ ನಿಜಕ್ಕೂ ಭೀಕರವಾಗಿದೆ. ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ 2016ರಲ್ಲಿ ಅಂದಾಜು 842 ಕರಡಿಗಳಿದ್ದವು, 2021ರ ಎಣಿಕೆಯಲ್ಲಿ ಅಂದಾಜು 618. ಮಂಜುಗಡ್ಡೆಯಿಲ್ಲದ ದಿನಗಳು 1980ರ ದಶಕಕ್ಕಿಂತ ಈಗ ಹೆಚ್ಚು. ಅತಿಶಯೋಕ್ತಿಯ ಒಂದು ಸಾಲು ಈ ಸತ್ಯವನ್ನು ಅನುಮಾನಿಸುವವರ ಕೈಗೆ ಕೋಲು ಕೊಟ್ಟಿತು.

ಅದಕ್ಕೆ ಹೋಲಿಸಿದರೆ ಛಾಯಾಗ್ರಾಹಕ ನಿಮಾ ಸಾರಿಖಾನಿ ಅವರು ಸ್ವಾಲ್ಬಾರ್ಡ್ ಬಳಿ ತೆಗೆದ ಚಿತ್ರ ನನಗೆ ಬಹಳ ದೊಡ್ಡದು. ತೇಲುವ ಪುಟ್ಟ ಮಂಜುಗಡ್ಡೆಯನ್ನು ಮುಂಗಾಲಿನಿಂದ ಕೆರೆದು ಹಾಸಿಗೆ ಮಾಡಿಕೊಂಡ ಎಳೆಯ ಗಂಡು ಕರಡಿ, ನಿದ್ದೆ ಹೋಗಿದೆ. ಕಣ್ಣು ಮುಚ್ಚಿದೆ. ಯಾರನ್ನೂ ನೋಡುತ್ತಿಲ್ಲ. ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯ ಜನರ ಆಯ್ಕೆಯ ಪ್ರಶಸ್ತಿ 2024ರ ಫೆಬ್ರುವರಿಯಲ್ಲಿ ಆ ಚಿತ್ರಕ್ಕೆ ಬಂತು; ಮತ ಹಾಕಿದವರು 75,000ಕ್ಕೂ ಹೆಚ್ಚು. ನೋಡುಗರಿಗೆ ದಿಟ್ಟಿಸುವ ಕಣ್ಣೇ ಬೇಕು ಎನ್ನುವವರು ಇದಕ್ಕೇನು ಹೇಳುತ್ತಾರೆ?

ಬೆಂಗಳೂರಿನಿಂದಲೂ ಈಗ ಗುಂಪುಗಳು ಆರ್ಕ್ಟಿಕ್‌ಗೆ ಹೋಗುತ್ತಿವೆ. ಕಬಿನಿಯಲ್ಲಿ ಹುಲಿ ಕಂಡೊಡನೆ ‘ಇನ್ನೂ ಮುಂದಕ್ಕೆ, ಇನ್ನೂ ಮುಂದಕ್ಕೆ’ ಎಂದು ಜೀಪು ಚಾಲಕರನ್ನು ಪೀಡಿಸುವ ಚಾಳಿಯನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ. ಪ್ರವಾಸಕ್ಕೆ ಹಣ ಕಟ್ಟುವ ಮೊದಲು, ಕರಡಿ ಮಲಗಿದ್ದರೆ ವಾಹನ ಎಷ್ಟು ದೂರ ನಿಲ್ಲುತ್ತದೆ, ಇಂಜಿನ್ ಆರಿಸುತ್ತಾರೆಯೇ ಎಂದು ಆಯೋಜಕರನ್ನು ಕೇಳಿ. ‘ಅತಿ ಹತ್ತಿರದ ಚಿತ್ರ ಖಾತ್ರಿ’ ಎಂದು ಮಾತು ಕೊಡುವವರನ್ನು ಬಿಟ್ಟುಬಿಡಿ. ಉದ್ದ ಲೆನ್ಸಿನ ಜೊತೆ 100–400 ಎಂಎಂನ ಒಂದನ್ನೂ ಇಟ್ಟುಕೊಳ್ಳಿ. ಬೆಚ್ಚಗಿನ ವಾಹನದ ಕಿಟಕಿಯಿಂದ ತೆಗೆದರೆ ಒಳಗಿನ ಬಿಸಿಗಾಳಿ ಚಿತ್ರವನ್ನು ಕಲಕಿಬಿಡುತ್ತದೆ, ಹಿಂಬದಿಯ ತೆರೆದ ಕಟ್ಟೆಗೆ ಹೋಗಿ ನಿಲ್ಲಿ. ಹೆಚ್ಚಿನ ಬ್ಯಾಟರಿ ಕೋಟಿನ ಒಳಜೇಬಿನಲ್ಲಿರಲಿ. ಹಿಮ ಬೂದಿಬಣ್ಣಕ್ಕೆ ಇಳಿಯದಂತೆ ಎಕ್ಸ್‌ಪೋಷರ್ ಒಂದು ಸ್ಟಾಪಿನಷ್ಟಾದರೂ ಏರಿಸಿ, ಅಂದರೆ ಕ್ಯಾಮೆರಾ ಹಿಡಿಯುವ ಬೆಳಕನ್ನು ಎರಡರಷ್ಟು ಮಾಡಿ.

ನಮ್ಮಲ್ಲಿ ಛಾಯಾಚಿತ್ರ ಸ್ಪರ್ಧೆ ನಡೆಸುವ ಸಂಘಗಳಿಗೂ ಒಂದು ಬೇಡಿಕೆ. ಪ್ರವೇಶ ಪತ್ರದಲ್ಲಿ ಲೆನ್ಸಿನ ಉದ್ದ, ಪ್ರಾಣಿಯಿಂದ ಇದ್ದ ದೂರ, ಚಿತ್ರ ತೆಗೆದ ಮೇಲೆ ಪ್ರಾಣಿ ಏನು ಮಾಡಿತು ಎಂಬ ಮೂರು ಪ್ರಶ್ನೆಗಳನ್ನು ಸೇರಿಸಿ. ಎದ್ದು ಹೋಯಿತು ಎಂದು ಬರೆದ ಚಿತ್ರಕ್ಕೆ, ಅದು ಎಷ್ಟೇ ಸುಂದರವಾಗಿದ್ದರೂ, ಬಹುಮಾನ ಕೊಡಬೇಡಿ.