ಕಥೆಗೆ ಎರಡು ಅಂಕ

ಶಾಲಾ ಮಕ್ಕಳಿಗೆ ಸಣ್ಣಕಥಾ ಸ್ಪರ್ಧೆ ನಡೆಸಬೇಕೆಂದು ಕಾರವಾರದ ನಮ್ಮ ಸಮಿತಿ ಮೂರು ಸಭೆ, ಹನ್ನೆರಡು ತಟ್ಟೆ ಭಜಿಗಳ ನಂತರ ತೀರ್ಮಾನಿಸಿತು. ಮಕ್ಕಳ ಕಲ್ಪನೆಗೆ ರೆಕ್ಕೆ ಮೂಡಲಿ ಎಂಬುದು ಉದ್ದೇಶ. ರೆಕ್ಕೆ ಯಾವ ದಿಕ್ಕಿಗೆ ಬಡಿಯಬೇಕೆಂಬುದನ್ನೂ ನಾವೇ ಗೊತ್ತುಮಾಡಿದೆವು. ವಿಷಯ: ‘ಮೊಬೈಲಿನ ದುಷ್ಪರಿಣಾಮಗಳು’. ಕಥೆಯ ಫೋಟೊ ತೆಗೆದು ವಾಟ್ಸಾಪ್ ಮಾಡತಕ್ಕದ್ದು. ಪ್ರಾಯೋಜಕರು ಮೊಬೈಲ್ ಅಂಗಡಿಯವರು.

ಅಂಕಗಳ ಹಂಚಿಕೆಯ ಹೊಣೆ ನಿವೃತ್ತ ಮುಖ್ಯಾಧ್ಯಾಪಕರದ್ದು. ದುಂಡಗಿನ ಅಕ್ಷರಕ್ಕೆ 5, ಕಾಗುಣಿತಕ್ಕೆ 5, ನೀತಿಗೆ 5, ಸಮಯಪಾಲನೆಗೆ 3. ಕೂಡಿಸಿದರೆ 18ಕ್ಕೇ ನಿಂತಿತು. “ಉಳಿದ ಎರಡನ್ನು ಕಥೆಗೆ ಹಾಕಿಬಿಡಿ” ಎಂದರು ಅಧ್ಯಕ್ಷರು, ಬೆರಳಿನ ಎಣ್ಣೆಯನ್ನು ಆ ಹಾಳೆಗೇ ಒರೆಸುತ್ತ.

ಕಥೆಗಳು ಬಂದವು. ಎಲ್ಲದರಲ್ಲೂ ಒಬ್ಬ ರಾಜು. ಮೊಬೈಲ್ ನೋಡುತ್ತ ನಡೆದು ರಸ್ತೆಯ ಗುಂಡಿಗೆ ಬೀಳುತ್ತಾನೆ. ಅಜ್ಜ ಆಸ್ಪತ್ರೆಯ ಮಂಚದ ಬಳಿ ಕುಳಿತು ಬುದ್ಧಿ ಹೇಳುತ್ತಾನೆ. ರಸ್ತೆಯಲ್ಲಿ ಗುಂಡಿ ಯಾಕಿತ್ತೆಂದು ಯಾವ ಅಜ್ಜನೂ ಕೇಳುವುದಿಲ್ಲ. ಆರನೆಯ ತರಗತಿಯ ಹುಡುಗನೊಬ್ಬನ ರಾಜು ಮಾತ್ರ ಗುಂಡಿಗೆ ಬೀಳದೆ ‘ಆಧುನಿಕ ನಾಗರಿಕತೆಯ ಅನಾಥಪ್ರಜ್ಞೆ’ಯಿಂದ ನರಳುತ್ತಿದ್ದ. ಹುಡುಗನ ತಾಯಿ ಕನ್ನಡ ಎಂ.ಎ. ಪ್ರಥಮ ಬಹುಮಾನ.

ತೊಂದರೆಯಾದದ್ದು ಬೈತಖೋಲ್ ಕಡೆಯ ಹುಡುಗಿಯೊಬ್ಬಳ ಕಥೆಯಿಂದ. ಶಾಲೆಯ ಅಕ್ಕೋರ ಮೊಬೈಲಿನಿಂದ ಬಂದದ್ದು. ಜೂನ್, ಜುಲೈ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅಪ್ಪ ಜಗುಲಿಯಲ್ಲಿ ಬಲೆ ರಿಪೇರಿ ಮಾಡುತ್ತ, ಕೈತಪ್ಪಿಹೋದ ಒಂದು ಮೀನಿನ ಕಥೆ ಹೇಳುತ್ತಾನೆ. ಮೀನು ದಿನಕ್ಕೊಂದು ಗೇಣು ಬೆಳೆಯುತ್ತದೆ. ಆಗಸ್ಟ್ ಬರುವಷ್ಟರಲ್ಲಿ ಅದು ದೋಣಿಗಿಂತ ಉದ್ದ! ಕೊನೆಯ ಸಾಲು: ‘ಈಗ ಅಪ್ಪ ಅದನ್ನು ಹಿಡಿಯಲು ಹೋಗಿದ್ದಾನೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ.’

ಸಿಗ್ನಲ್ ಇಲ್ಲದಿರುವುದು ಮೊಬೈಲಿನ ದುಷ್ಪರಿಣಾಮವೋ ಸತ್ಪರಿಣಾಮವೋ ಎಂದು ತೀರ್ಪುಗಾರರು ಅರ್ಧ ಗಂಟೆ ಕಾದಾಡಿದರು. ನೀತಿಗೆ ಸೊನ್ನೆ ಬಿತ್ತು. ‘ಸಿಗ್ನಲ್’ಗೆ ಒತ್ತಕ್ಷರ ತಪ್ಪಾಗಿ ಬಿದ್ದಿತ್ತೆಂದು ಕಾಗುಣಿತದಲ್ಲಿ ಒಂದು ಹೋಯಿತು. ಕಥೆಗೆ ಮಾತ್ರ ಧಾರಾಳವಾಗಿ ಎರಡಕ್ಕೆ ಎರಡು ಕೊಟ್ಟೆವು.

ಸಮಾರಂಭದಲ್ಲಿ ಏಳು ಅತಿಥಿಗಳು, ಏಳು ಶಾಲು. ರವೀಂದ್ರನಾಥ ಟ್ಯಾಗೋರರು ತರುಣರಾಗಿದ್ದಾಗ ಈ ಊರಿನಲ್ಲಿ ತಂಗಿದ್ದರೆಂದು ಏಳೂ ಜನ ಏಳು ಸಲ ತಿಳಿಸಿದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಆದರೂ ತಮ್ಮನ ಬರಹಕ್ಕೆ 20ರಲ್ಲಿ ಇಷ್ಟು ಎಂದು ಅಂಕ ಹಾಕಿದ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಪಾಪ, ಕವಿಗೆ ಅಣ್ಣನಿದ್ದನೇ ಹೊರತು ಸಮಿತಿ ಇರಲಿಲ್ಲ.

ಬೈತಖೋಲಿನ ಹುಡುಗಿಗೆ ಸಮಾಧಾನಕರ ಬಹುಮಾನವೆಂದು ಪ್ರಾಯೋಜಕರು ಮೊಬೈಲ್ ಕವರೊಂದನ್ನು ಕೊಟ್ಟರು. ಅವಳು ಅದನ್ನು ತಿರುಗಿಸಿದಳು. ಕ್ಯಾಮೆರಾದ ತೂತಿನಲ್ಲಿ ಕಿರುಬೆರಳು ತೂರಿಸಿ ನೋಡಿದಳು.

“ಇದರೊಳಗೆ ಏನು ಹಾಕುವುದು, ಮಾಸ್ತರೇ?”

“ಮೊದಲು ಫೋಟೊಕ್ಕೆ ನಗು” ಎಂದರು ಮುಖ್ಯಾಧ್ಯಾಪಕರು.